ಕರೆಂಟ್ ಹೋಗಿ ಬಂದ ಮೇಲೆ ಹಾರ್ಡ್ ಡಿಸ್ಕ್ ಕಾಣ್ತಿಲ್ವಾ? ಫಾರ್ಮ್ಯಾಟ್ ಮಾಡಿಸೋಕೆ ಮುಂಚೆ ಇದನ್ನು ಕೇಳಿ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.



ಈ ಸಂಚಿಕೆಯನ್ನ ನೀವು ಫೋನಲ್ಲೇ ಕೇಳ್ತಿದ್ದೀರಿ ಅಂತ ಗೊತ್ತು. ನಿಮ್ಮಲ್ಲಿ ಎಷ್ಟೋ ಜನ ಡೆಸ್ಕ್‌ಟಾಪ್ ಮುಟ್ಟಿ ವರ್ಷಗಳೇ ಆಗಿರಬಹುದು. ಆದರೂ ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಒಂದು ಹಳೇ ಕಂಪ್ಯೂಟರ್ ಇದ್ದೇ ಇರುತ್ತೆ. ಅಪ್ಪನ ಅಂಗಡಿಯ ಬಿಲ್ಲಿಂಗ್ ಮಷೀನು, ಚಿಕ್ಕಮ್ಮನ ಜೆರಾಕ್ಸ್ ಅಂಗಡಿಯದ್ದು, ಅಕ್ಕನ ಮದುವೆ ಫೋಟೋ ತುಂಬಿಟ್ಟಿರೋ ಮನೆ ಕಂಪ್ಯೂಟರು. ಅದು ಕೆಟ್ಟ ದಿನ ಫೋನ್ ಬರೋದು ಮಾತ್ರ ನಿಮಗೇ. ಯಾಕಂದ್ರೆ ಮನೆಯವರ ಲೆಕ್ಕದಲ್ಲಿ "ಕಂಪ್ಯೂಟರ್ ಗೊತ್ತಿರೋರು" ಅಂದ್ರೆ ನೀವೇ.

ನನಗೂ ಹಾಗೇ ಒಂದು ಫೋನ್ ಬಂದಿತ್ತು. ಅರಸೀಕೆರೆ ಹತ್ತಿರ ನಮ್ಮ ಸೋದರಮಾವನ ರಸಗೊಬ್ಬರದ ಅಂಗಡಿ ಇದೆ. ಮೇ ತಿಂಗಳ ಗುಡುಗು ಮಳೆ. ರಾತ್ರಿ ಎಂಟಕ್ಕೆ ಕರೆಂಟ್ ಹೋಯ್ತು, ಬಂತು, ಮತ್ತೆ ಹೋಯ್ತು. ಹತ್ತು ನಿಮಿಷದಲ್ಲಿ ಐದಾರು ಸಲ ಹೀಗೇ. ಮರುದಿನ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ್ರೆ ಕಪ್ಪು ಪರದೆ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಸಾಲು, "ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್". ಅಂದ್ರೆ ವಿಂಡೋಸ್ ಇರೋ ಡಿಸ್ಕೇ ಕಾಣ್ತಿಲ್ಲ ಅಂತ.

ಮಾವ ರಿಪೇರಿಯವರನ್ನ ಕರೆಸಿದ್ರು. ಅವರು ನೋಡಿ, "ಹಾರ್ಡ್ ಡಿಸ್ಕ್ ಹೋಗಿದೆ ಸಾರ್, ಹೊಸದು ಹಾಕಿ ವಿಂಡೋಸ್ ಮಾಡಿಕೊಡ್ತೀನಿ. ಹಳೇದನ್ನ ಫಾರ್ಮ್ಯಾಟ್ ಮಾಡಿ ನೋಡ್ತೀನಿ, ಆದ್ರೆ ಆಯ್ತು" ಅಂದ್ರಂತೆ. ಮಾವ ನನಗೆ ಫೋನ್ ಮಾಡಿ, "ಪುಟ್ಟಿ, ಡಿಸ್ಕ್ ಸತ್ತೋಯ್ತಂತೆ ಕಣಮ್ಮ. ಮಾಡ್ಸಿಬಿಡ್ಲಾ?" ಅಂದ್ರು.

ನಾನು ಒಂದೇ ಮಾತು ಕೇಳಿದೆ. "ಮಾವ, ರೈತರ ಬಾಕಿ ಲೆಕ್ಕ ಎಲ್ಲಿದೆ?"

ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಅದರಲ್ಲೇ ಇದೆ" ಅಂದ್ರು.

ಬೇಸಾಯದ ಕಡೆಯ ಅಂಗಡಿಗಳ ವ್ಯವಹಾರ ಗೊತ್ತಿರೋರಿಗೆ ಇದರ ಅರ್ಥ ಆಗಿರುತ್ತೆ. ಬಿತ್ತನೆ ಟೈಮಲ್ಲಿ ಗೊಬ್ಬರ ಸಾಲಕ್ಕೆ ಹೋಗುತ್ತೆ, ಬೆಳೆ ಮಾರಿದ ಮೇಲೆ ದುಡ್ಡು ಬರುತ್ತೆ. ಯಾರು ಎಷ್ಟು ಕೊಡಬೇಕು ಅನ್ನೋದು ಟ್ಯಾಲಿಯಲ್ಲಿತ್ತು, ಟ್ಯಾಲಿ ಆ ಡಿಸ್ಕಲ್ಲಿತ್ತು. ಇದರ ಜೊತೆಗೆ 20ನೇ ತಾರೀಖಿಗೆ ಜಿಎಸ್‌ಟಿಆರ್-3ಬಿ ಫೈಲ್ ಮಾಡಬೇಕು. ಬ್ಯಾಕಪ್? ಎರಡು ವರ್ಷದ ಹಿಂದಿನ ಒಂದು ಪೆನ್‌ಡ್ರೈವ್, ಅದೂ ಎಲ್ಲಿದೆಯೋ ಗೊತ್ತಿಲ್ಲ.

"ಮಾವ, ಯಾರಿಗೂ ಮುಟ್ಟೋಕೆ ಬಿಡಬೇಡಿ. ಪ್ಲಗ್ ಕಿತ್ತಿಡಿ. ಶನಿವಾರ ಬರ್ತೀನಿ" ಅಂದೆ.

ನಾನು ಓದಿದ್ದು ಬಿಕಾಂ, ಎಂಜಿನಿಯರ್ ಅಲ್ಲ. ಆದ್ರೆ ಈ ಕೆಲಸಕ್ಕೆ ಎಂಜಿನಿಯರ್ ಆಗಬೇಕಿಲ್ಲ. ಯಾವುದರ ನಂತರ ಯಾವುದನ್ನ ನೋಡಬೇಕು ಅನ್ನೋ ಕ್ರಮ ಗೊತ್ತಿದ್ರೆ ಸಾಕು. ಇವತ್ತು ಆ ಕ್ರಮವನ್ನೇ ಹೇಳ್ತೀನಿ.

ಡಿಸ್ಕ್ ಕಾಣ್ತಿಲ್ಲ ಅಂದ್ರೆ ಡಿಸ್ಕ್ ಸತ್ತಿದೆ ಅಂತಲ್ಲ

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಕೊಳ್ಳಿ. ಡಿಸ್ಕ್ ಪರದೆ ಮೇಲೆ ಕಾಣಬೇಕು ಅಂದ್ರೆ ಒಂದು ಸರಪಳಿ ಪೂರ್ತಿ ಸರಿಯಿರಬೇಕು. ಗೋಡೆಯ ಕರೆಂಟು, ಅದನ್ನ ಇಳಿಸಿಕೊಡೋ ಎಸ್‌ಎಂಪಿಎಸ್, ಅಲ್ಲಿಂದ ಬರೋ ಪವರ್ ಕೇಬಲ್, ಡೇಟಾ ಕೇಬಲ್, ಮದರ್‌ಬೋರ್ಡಿನ ಪೋರ್ಟ್, ಬಯೋಸ್ ಸೆಟ್ಟಿಂಗ್, ಕೊನೆಗೆ ಡಿಸ್ಕ್. ಏಳು ಕೊಂಡಿ. ಯಾವ ಕೊಂಡಿ ಕಳಚಿದ್ರೂ ಪರದೆ ಮೇಲೆ ಬರೋ ಸಂದೇಶ ಹೆಚ್ಚುಕಮ್ಮಿ ಅದೇ. ಕರೆಂಟ್ ತೊಂದರೆ ಆದ ಮೇಲೆ ಸಂಶಯ ಪಡಬೇಕಾದ್ದು ಕರೆಂಟಿನ ಕಡೆಯ ಕೊಂಡಿಗಳನ್ನ. ನಾವು ಮಾಡೋದು ಉಲ್ಟಾ. ಕೊನೆಯ ಕೊಂಡಿಯನ್ನೇ ಮೊದಲು ಎಸೀತೀವಿ. ನಮ್ಮ ಲೆಕ್ಕ, ನಮ್ಮ ಫೋಟೋ ಇರೋದು ಆ ಕೊಂಡಿಯಲ್ಲಿ ಮಾತ್ರ.

ಎಸ್‌ಎಂಪಿಎಸ್ ಅಂದ್ರೆ ಕ್ಯಾಬಿನೆಟ್ ಒಳಗೆ ಫ್ಯಾನ್ ಇರೋ ಆ ತಗಡಿನ ಡಬ್ಬ. ಗೋಡೆಯ 230 ವೋಲ್ಟನ್ನ ಅದು ಮುಖ್ಯವಾಗಿ ಮೂರು ಬಗೆ ಮಾಡುತ್ತೆ. ಹಳದಿ ವೈರಲ್ಲಿ 12 ವೋಲ್ಟ್, ಕೆಂಪು ವೈರಲ್ಲಿ 5 ವೋಲ್ಟ್, ಕಿತ್ತಳೆ ವೈರಲ್ಲಿ 3.3 ವೋಲ್ಟ್. ಕಪ್ಪು ವೈರು ಗ್ರೌಂಡ್. ಡೆಸ್ಕ್‌ಟಾಪಿನ ದೊಡ್ಡ ಹಾರ್ಡ್ ಡಿಸ್ಕ್, ಅಂದ್ರೆ 3.5 ಇಂಚಿನದು, ಇದರಲ್ಲಿ ಎರಡನ್ನ ಬಳಸುತ್ತೆ. ಒಳಗಿನ ತಟ್ಟೆ ತಿರುಗಿಸೋ ಮೋಟರಿಗೆ 12 ವೋಲ್ಟ್, ಸರ್ಕ್ಯೂಟಿಗೆ 5 ವೋಲ್ಟ್.

ಆ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತೆ. ನಿಂತಿರೋ ತಟ್ಟೆಯನ್ನ ಆ ವೇಗಕ್ಕೆ ತರೋ ಮೊದಲ ಕೆಲವು ಸೆಕೆಂಡಲ್ಲಿ 12 ವೋಲ್ಟ್ ಲೈನಿಂದ ಸುಮಾರು 2 ಆಂಪಿಯರ್ ಎಳೆಯುತ್ತೆ. ಓಡೋಕೆ ಶುರುವಾದ ಮೇಲೆ ತುಂಬಾ ಕಡಿಮೆ ಸಾಕು. ತೋಟದ ಮನೆಯಲ್ಲಿ ಬೋರ್‌ವೆಲ್ ಮೋಟರ್ ಹಾಕಿದ ಕ್ಷಣ ಬಲ್ಬ್ ಮಂಕಾಗುತ್ತಲ್ಲ, ಅದೇ ಕಥೆ. ಎಸ್‌ಎಂಪಿಎಸ್ ಗಟ್ಟಿಯಿದ್ರೆ ಆ ಕ್ಷಣವನ್ನ ತಡ್ಕೊಳ್ಳುತ್ತೆ. ಸೊರಗಿದ್ರೆ ವೋಲ್ಟೇಜ್ ಕುಸಿಯುತ್ತೆ, ಡಿಸ್ಕ್ ಅರ್ಧ ತಿರುಗಿ ನಿಂತುಬಿಡುತ್ತೆ. ಬಯೋಸ್ ನೋಡೋ ಹೊತ್ತಿಗೆ ಡಿಸ್ಕ್ ಉತ್ತರ ಕೊಡಲ್ಲ. ಕಂಪ್ಯೂಟರ್ ಪ್ರಕಾರ ಡಿಸ್ಕೇ ಇಲ್ಲ.

ಎಸ್‌ಎಂಪಿಎಸ್ ಸೊರಗೋದು ಯಾಕೆ? ಅದರೊಳಗೆ ಕೆಪಾಸಿಟರ್‌ಗಳಿರುತ್ತವೆ, ಸಣ್ಣ ಡಬ್ಬಿ ಥರ. ಬಿಸಿ ಮತ್ತು ವಯಸ್ಸಿಗೆ ಒಳಗಿನ ದ್ರವ ಒಣಗುತ್ತಾ ಬರುತ್ತೆ. ಹತ್ತು ವರ್ಷದ ಕಂಪ್ಯೂಟರಲ್ಲಿ ಅವು ಹೇಗೋ ಕಾಲ ತಳ್ಳುತ್ತಿರುತ್ತವೆ. ಒಂದು ರಾತ್ರಿ ಐದಾರು ಸಲ ಕರೆಂಟ್ ಹೋಗಿ ಬಂದ್ರೆ ಅಲ್ಲಿಗೆ ಮುಗೀತು. ಮದರ್‌ಬೋರ್ಡ್ ಮೇಲೂ ಇದೇ ಜಾತಿಯವು ಇರುತ್ತವೆ. ಅವುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ರೆ, ಕಂದು ಬಣ್ಣದ ದ್ರವ ಸೋರಿದ್ರೆ ಅಲ್ಲೂ ತೊಂದರೆ ಇದೆ ಅಂತ ಅರ್ಥ.

ಇನ್ನೊಂದು ಸುಳಿವು. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕ್ ಮತ್ತು ಅದೇ ಅಳತೆಯ ಸಾಟಾ ಎಸ್‌ಎಸ್‌ಡಿಗೆ 5 ವೋಲ್ಟ್ ಒಂದೇ ಸಾಕು. ಹಾಗಾಗಿ ಒಂದೇ ಕಂಪ್ಯೂಟರಲ್ಲಿ ಎಸ್‌ಎಸ್‌ಡಿ ಕಾಣ್ತಿದೆ, ದೊಡ್ಡ ಹಾರ್ಡ್ ಡಿಸ್ಕ್ ಮಾತ್ರ ಕಾಣ್ತಿಲ್ಲ ಅಂದ್ರೆ 12 ವೋಲ್ಟ್ ಲೈನಿನ ಮೇಲೂ ಒಂದು ಕಣ್ಣಿಡಿ.

ಮೊದಲು ನಿಲ್ಲಿಸಿ, ಆಮೇಲೆ ಕೇಳಿಸಿಕೊಳ್ಳಿ

ಫೋನ್ ಬಂದ ತಕ್ಷಣ ನೀವು ಹೇಳಬೇಕಾದ್ದು ಒಂದೇ. "ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ." ಹತ್ತು ಸಲ ಆನ್ ಆಫ್ ಮಾಡಿ ನೋಡೋದು ನಮ್ಮೆಲ್ಲರ ಅಭ್ಯಾಸ. ಸೊರಗಿದ ಎಸ್‌ಎಂಪಿಎಸ್ ಮೇಲೆ ಡಿಸ್ಕನ್ನ ಹೀಗೆ ಎಬ್ಬಿಸಿ ಮಲಗಿಸ್ತಾ ಇದ್ರೆ ಚೆನ್ನಾಗಿರೋ ಡಿಸ್ಕ್ ಕೂಡ ಹಾಳಾಗಬಹುದು.

ನೀವು ಅಲ್ಲಿಗೆ ಹೋದ ಮೇಲೆ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆಯಿರಿ. ಮುಂಚೆ ಪ್ಲಗ್ ಕೀಳಿ. ಏನನ್ನೂ ಬಿಚ್ಚೋಕೆ ಮೊದಲು ಫೋನಲ್ಲಿ ನಾಲ್ಕೈದು ಫೋಟೋ ತೆಗೆದಿಡಿ, ಯಾವ ಕೇಬಲ್ ಎಲ್ಲಿತ್ತು ಅಂತ. ಆಮೇಲೆ ಒಂದೇ ಒಂದು ಸಲ ಆನ್ ಮಾಡಿ, ಡಿಸ್ಕಿನ ಹತ್ತಿರ ಫೋನ್ ಹಿಡಿದು ಸದ್ದು ರೆಕಾರ್ಡ್ ಮಾಡಿ. ಆಫ್ ಮಾಡಿ. ಈಗ ಆ ಸದ್ದನ್ನ ಎಷ್ಟು ಸಲ ಬೇಕಾದ್ರೂ ಕೇಳಬಹುದು, ಡಿಸ್ಕಿಗೆ ತೊಂದರೆ ಇಲ್ಲ.

ನಾಲ್ಕು ಥರ ಸದ್ದು ಸಿಗಬಹುದು. ಒಂದು, ಪೂರ್ತಿ ಮೌನ. ಡಿಸ್ಕಿಗೆ ಕರೆಂಟೇ ಬರ್ತಿಲ್ಲ ಅಥವಾ ಅದರ ಸರ್ಕ್ಯೂಟ್ ಹೋಗಿದೆ. ಎರಡು, ಗುಂಯ್ ಅಂತ ಏರಿ ಮತ್ತೆ ಇಳಿದು ಮತ್ತೆ ಏರೋದು. ಪವರ್ ಸಾಲ್ತಿಲ್ಲ ಅನ್ನೋ ಅನುಮಾನಕ್ಕೆ ಇದು ಬಲವಾದ ಕಾರಣ. ಮೂರು, ಸರಿಯಾಗಿ ಏರಿ ಒಂದೇ ಸಮ ಓಡೋದು. ಡಿಸ್ಕ್ ಚೆನ್ನಾಗಿರೋ ಸಾಧ್ಯತೆ ಇದೆ, ಕೇಬಲ್ ಅಥವಾ ಬಯೋಸ್ ನೋಡಿ. ನಾಲ್ಕು, ಗಡಿಯಾರದ ಹಾಗೆ ಟಕ್, ಟಕ್, ಟಕ್. ಓದೋ ಹೆಡ್ ತನ್ನ ಜಾಗ ಹುಡುಕೋಕಾಗದೆ ಪದೇ ಪದೇ ಪ್ರಯತ್ನ ಮಾಡ್ತಿದೆ. ಪವರ್ ಕಡಿಮೆಯಾದ್ರೂ ಇದು ಬರಬಹುದು. ಆದ್ರೆ ಒಳ್ಳೇ ಎಸ್‌ಎಂಪಿಎಸ್ ಮೇಲೂ ಟಕ್ ಟಕ್ ಬಂದ್ರೆ ಅಲ್ಲಿಗೇ ಕೈ ಎತ್ತಿ. ಆ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತೆ. ತಟ್ಟೆಗೆ ತಾಗಿದ್ರೆ ಡೇಟಾ ಇರೋ ಪದರವೇ ಕೆರೆದುಹೋಗುತ್ತೆ.

ಮಾವನ ಡಿಸ್ಕ್ ಎರಡನೇ ಥರ. ಏರೋದು, ಇಳಿಯೋದು, ಮತ್ತೆ ಏರೋದು. ನನಗೆ ಸ್ವಲ್ಪ ಧೈರ್ಯ ಬಂತು.

ಗೋಡೆಯಿಂದ ಒಳಕ್ಕೆ

ಈಗ ಸರಪಳಿ ಹಿಡಿದು ಗೋಡೆಯಿಂದ ಶುರು ಮಾಡೋಣ. ಬೇರೆ ಸಾಕೆಟ್ಟಿಗೆ ನೇರವಾಗಿ ಹಾಕಿ ನೋಡಿ, ನಡುವೆ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಹಳೇ ಎಸ್‌ಎಂಪಿಎಸ್ ಹಿಂದೆ ಕೆಲವದರಲ್ಲಿ 115, 230 ಅಂತ ಬರೆದಿರೋ ಸಣ್ಣ ಕೆಂಪು ಸ್ವಿಚ್ ಇರುತ್ತೆ. ನಮ್ಮಲ್ಲಿ ಅದು ಯಾವಾಗಲೂ 230ರಲ್ಲೇ ಇರಬೇಕು. 115ಕ್ಕೆ ತಳ್ಳಿ ಇಲ್ಲಿ ಪ್ಲಗ್ ಹಾಕಿದ್ರೆ ಎಸ್‌ಎಂಪಿಎಸ್ ಢಮಾರ್ ಅನ್ನುತ್ತೆ.

ಮುಂದಿನದು ಕೇಬಲ್. ಪ್ಲಗ್ ಕಿತ್ತು, ಡಿಸ್ಕಿನ ಎರಡು ಕೇಬಲನ್ನೂ ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ಅಗಲವಾದ 15 ಪಿನ್ನಿನದು ಪವರ್, ಚಿಕ್ಕ 7 ಪಿನ್ನಿನದು ಡೇಟಾ. ಡೇಟಾ ಕೇಬಲ್ ಬೇರೆ ಹಾಕಿ, ಮದರ್‌ಬೋರ್ಡಿನ ಬೇರೆ ಪೋರ್ಟಿಗೆ ಚುಚ್ಚಿ, ಎಸ್‌ಎಂಪಿಎಸ್‌ನ ಬೇರೆ ಪವರ್ ಕನೆಕ್ಟರ್ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನೂ ಒಟ್ಟಿಗೆ ಬದಲಾಯಿಸಿದ್ರೆ ತಪ್ಪು ಯಾವುದರಲ್ಲಿತ್ತು ಅಂತ ಗೊತ್ತಾಗಲ್ಲ.

ಇಷ್ಟಾದ್ರೂ ಸರಿಹೋಗದಿದ್ರೆ ಎಸ್‌ಎಂಪಿಎಸ್ ಸರದಿ. ಮಲ್ಟಿಮೀಟರ್ ಇದ್ರೆ ಡಿಸಿ ವೋಲ್ಟಿಗೆ ಇಟ್ಟು, ಹಳೇ ಥರದ ನಾಲ್ಕು ಪಿನ್ನಿನ ದೊಡ್ಡ ಕನೆಕ್ಟರ್ ಖಾಲಿ ಇರುತ್ತಲ್ಲ, ಅದರಲ್ಲಿ ಅಳೆಯಿರಿ. ಕಪ್ಪಿಗೂ ಹಳದಿಗೂ ನಡುವೆ 12, ಕಪ್ಪಿಗೂ ಕೆಂಪಿಗೂ ನಡುವೆ 5 ಬರಬೇಕು. ಶೇಕಡಾ 5ರಷ್ಟು ಆಚೀಚೆ ಇರಬಹುದು. ಅಂದ್ರೆ 12ರ ಲೈನು 11.4ರಿಂದ 12.6ರ ಒಳಗೆ, 5ರ ಲೈನು 4.75ರಿಂದ 5.25ರ ಒಳಗೆ. ಡಿಸ್ಕ್ ಹಾಕಿದಾಗ ಒಂದು ಸಲ, ತೆಗೆದಾಗ ಒಂದು ಸಲ ಅಳೆಯಿರಿ. ಹಗುರವಾಗಿ ನಿಂತಾಗ ಎಲ್ಲ ಎಸ್‌ಎಂಪಿಎಸ್ಸೂ ಚೆನ್ನಾಗಿ ಕಾಣುತ್ತೆ, ಭಾರ ಬಿದ್ದಾಗಲೇ ಬಣ್ಣ ಬಯಲಾಗೋದು. ಒಂದು ಎಚ್ಚರಿಕೆ, ಮೀಟರ್ ಕೂಡ ಎಲ್ಲವನ್ನೂ ಹೇಳಲ್ಲ. ಕ್ಷಣಮಾತ್ರದ ಕುಸಿತವನ್ನ ಅದು ಸರಾಸರಿ ಮಾಡಿ ತೋರಿಸಬಹುದು. ನಂಬಬಹುದಾದ ಪರೀಕ್ಷೆ ಅಂದ್ರೆ ಚೆನ್ನಾಗಿರೋ ಬೇರೆ ಎಸ್‌ಎಂಪಿಎಸ್ ಹಾಕಿ ನೋಡೋದು.

ದಯವಿಟ್ಟು ಆ ಡಬ್ಬದ ಮುಚ್ಚಳ ಮಾತ್ರ ಬಿಚ್ಚಬೇಡಿ. 230 ವೋಲ್ಟ್ ಎಸಿ ಒಳಗೆ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತೆ. ಪ್ಲಗ್ ಕಿತ್ತ ಮೇಲೂ ಅದು ದೊಡ್ಡ ಕೆಪಾಸಿಟರಲ್ಲಿ ಉಳಿದಿರಬಹುದು. ಯೂಟ್ಯೂಬ್ ನೋಡಿ ಮಾಡೋ ಕೆಲಸ ಅಲ್ಲ ಅದು.

ಮಾವನ ಮಷೀನಲ್ಲಿ ಡಿಸ್ಕ್ ತೆಗೆದಾಗ 11.7 ಇತ್ತು. ಡಿಸ್ಕ್ ಹಾಕಿ ಆನ್ ಮಾಡಿದಾಗ 11.1ಕ್ಕೆ ಇಳೀತು. ಪಕ್ಕದ ಬೀದಿಯ ಸ್ಟುಡಿಯೋದವರು ಒಂದು ಎಸ್‌ಎಂಪಿಎಸ್ ಎರವಲು ಕೊಟ್ರು. ಅದನ್ನ ಹಾಕಿದ ತಕ್ಷಣ ಡಿಸ್ಕ್ ಏರಿತು, ನಿಲ್ಲಲಿಲ್ಲ. ಬಯೋಸಲ್ಲಿ ಅದರ ಹೆಸರು ಬಂತು. "ಸತ್ತಿದೆ" ಅಂದಿದ್ದ ಡಿಸ್ಕು!

ಡಿಸ್ಕ್ ಹಾಕಿದ್ರೆ ಕಂಪ್ಯೂಟರೇ ಆನ್ ಆಗ್ತಿಲ್ಲ ಅಂದ್ರೆ

ಇನ್ನೊಂದು ಲಕ್ಷಣ ಕೆಲವರಿಗೆ ಎದುರಾಗುತ್ತೆ. ಡಿಸ್ಕ್ ತೆಗೆದ್ರೆ ಕಂಪ್ಯೂಟರ್ ಆನ್ ಆಗುತ್ತೆ. ಡಿಸ್ಕ್ ಹಾಕಿದ್ರೆ ಫ್ಯಾನ್ ಒಂದು ಸಲ ಅಲ್ಲಾಡಿ ನಿಲ್ಲುತ್ತೆ. ಇದಕ್ಕೆ ಒಂದು ಸಾಮಾನ್ಯ ಕಾರಣ ಇದೆ. ಬಹಳಷ್ಟು ಹಾರ್ಡ್ ಡಿಸ್ಕಿನ ಹಸಿರು ಬೋರ್ಡ್ ಮೇಲೆ ಟಿವಿಎಸ್ ಡಯೋಡ್ ಅನ್ನೋ ಪುಟ್ಟ ಭಾಗ ಇರುತ್ತೆ. ಹೆಚ್ಚು ವೋಲ್ಟೇಜ್ ಬಂದಾಗ ಅದು ತಾನು ಶಾರ್ಟ್ ಆಗಿ ಉಳಿದ ಸರ್ಕ್ಯೂಟನ್ನ ಕಾಪಾಡುತ್ತೆ. ಶಾರ್ಟ್ ಕಂಡ ಎಸ್‌ಎಂಪಿಎಸ್ ತನ್ನನ್ನ ತಾನೇ ನಿಲ್ಲಿಸಿಕೊಳ್ಳುತ್ತೆ. ಅಂದ್ರೆ ಒಳಗಿನ ಡೇಟಾ ಚೆನ್ನಾಗಿರೋ ಸಾಧ್ಯತೆ ಸಾಕಷ್ಟಿದೆ. ಅನುಭವ ಇರೋ ಟೆಕ್ನಿಷಿಯನ್ ಅದನ್ನ ನೋಡಿ ಸರಿ ಮಾಡಬಲ್ಲರು.

ಇಲ್ಲಿ ಒಂದು ತಪ್ಪು ಸಲಹೆ ಓಡಾಡ್ತಿರುತ್ತೆ. "ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕ್ ತಗೊಂಡು ಬೋರ್ಡ್ ಬದಲಾಯಿಸಿ" ಅಂತ. ತುಂಬಾ ಹಳೇ ಡಿಸ್ಕುಗಳಲ್ಲಿ ಅದು ನಡೀತಿತ್ತು. ಈಚಿನ ಡಿಸ್ಕುಗಳಲ್ಲಿ ಆ ಒಂದು ಡಿಸ್ಕಿಗೆ ಮಾತ್ರ ಹೊಂದೋ ಅಳತೆಗಳನ್ನ ಬೋರ್ಡಿನ ಒಂದು ಚಿಪ್ಪಲ್ಲಿ ಬರೆದಿರುತ್ತಾರೆ. ಆ ಚಿಪ್ಪನ್ನೂ ಸರಿಯಾಗಿ ವರ್ಗಾಯಿಸದೆ ಬೋರ್ಡ್ ಬದಲಾಯಿಸಿದ್ರೆ ಪ್ರಯೋಜನ ಇಲ್ಲ. ಫ್ರಿಜ್ಜಲ್ಲಿಟ್ಟು ತೆಗೆಯೋದು, ಮೆಲ್ಲಗೆ ತಟ್ಟೋದು, ಇವೆರಡೂ ಬೇಡವೇ ಬೇಡ. ಫ್ರಿಜ್ಜಿಂದ ಹೊರಬಂದ ಡಿಸ್ಕಲ್ಲಿ ತೇವ ಕೂರುತ್ತೆ.

ಮೊದಲು ನಕಲು, ಆಮೇಲೆ ರಿಪೇರಿ

ಡಿಸ್ಕ್ ಕಂಡಿತು. ಈಗ ಕೈ ತುರಿಸುತ್ತೆ, ವಿಂಡೋಸ್ ಆನ್ ಮಾಡೋಣ ಅಂತ. ತಡೀರಿ. ಹೊಡೆತ ತಿಂದ ಡಿಸ್ಕ್ ಇನ್ನೆಷ್ಟು ಹೊತ್ತು ಓಡುತ್ತೋ ಗೊತ್ತಿಲ್ಲ. ಅದು ಓಡ್ತಿರೋ ಮೊದಲ ಗಂಟೆಯನ್ನ ನಕಲಿಗೆ ಬಳಸಿ. ವಿಂಡೋಸ್ ತೆರೆದ್ರೆ ಅದು ಹಿನ್ನೆಲೆಯಲ್ಲಿ ಡಿಸ್ಕಿಗೆ ಬರೀತಾನೇ ಇರುತ್ತೆ.

ಎರಡು ದಾರಿ ಇದೆ. ಡಿಸ್ಕ್ ಬಿಚ್ಚಿ ಯುಎಸ್‌ಬಿ ಅಡಾಪ್ಟರಲ್ಲಿ ಬೇರೆ ಕಂಪ್ಯೂಟರಿಗೆ ಹಾಕೋದು ಒಂದು. 3.5 ಇಂಚಿನ ಡಿಸ್ಕಿಗೆ ಯುಎಸ್‌ಬಿಯ ಕರೆಂಟ್ ಸಾಲಲ್ಲ, 12 ವೋಲ್ಟಿನ ಬೇರೆ ಅಡಾಪ್ಟರ್ ಜೊತೆಗೆ ಬರೋದನ್ನೇ ತಗೊಳ್ಳಿ. ಎರಡನೇ ದಾರಿ, ಉಬುಂಟು ಥರದ ಲಿನಕ್ಸನ್ನ ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿಂದಲೇ ಓಡಿಸೋದು. ಇನ್‌ಸ್ಟಾಲ್ ಬಟನ್ ಒತ್ತಬೇಡಿ, ಟ್ರೈ ಅನ್ನೋದನ್ನ ಒತ್ತಿ. ನಾನು ಎರಡನೇದು ಮಾಡಿದೆ.

ನಕಲು ಮಾಡುವಾಗ ಇಡೀ ಡಿಸ್ಕನ್ನ ಒಟ್ಟಿಗೆ ಎಳೆಯಬೇಡಿ. ಮತ್ತೆ ಸಿಗದೇ ಇರೋದು ಮೊದಲು. ನಾನು ಮೊದಲು ತೆಗೆದಿದ್ದು ಟ್ಯಾಲಿಯ ಡೇಟಾ ಫೋಲ್ಡರ್. ಆಮೇಲೆ ಬಿಲ್ಲುಗಳ ಸ್ಕ್ಯಾನ್, ಆಮೇಲೆ ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬದ ಫೋಟೋ. ಸಿನಿಮಾ ಫೋಲ್ಡರ್ ಕೊನೆಗೆ, ಅದೂ ಮಾವ ಒತ್ತಾಯ ಮಾಡಿದ್ದಕ್ಕೆ.

ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡ್ರೆ ಅದೇ ಫೈಲನ್ನ ಮತ್ತೆ ಮತ್ತೆ ಎಳೆಯಬೇಡಿ, ಬಿಟ್ಟು ಮುಂದಕ್ಕೆ ಹೋಗಿ. ಕೆಟ್ಟ ಜಾಗ ಜಾಸ್ತಿ ಇದ್ರೆ ಡಿಡಿರೆಸ್ಕ್ಯೂ ಅನ್ನೋ ಉಚಿತ ಸಾಧನ ಇದೆ. ಅದು ಮೊದಲು ಸುಲಭವಾಗಿ ಓದೋಕಾಗೋದನ್ನೆಲ್ಲ ತೆಗೆದು, ಕಷ್ಟದ ಜಾಗಕ್ಕೆ ಆಮೇಲೆ ವಾಪಸ್ ಬರುತ್ತೆ. ಎಲ್ಲಿಯವರೆಗೆ ಬಂದಿದ್ದೆ ಅನ್ನೋದನ್ನ ಒಂದು ಮ್ಯಾಪ್ ಫೈಲಲ್ಲಿ ಬರೆದಿಡುತ್ತೆ. ಅದನ್ನ ಬಳಸುವಾಗ ಯಾವುದು ಹಳೇ ಡಿಸ್ಕ್, ಯಾವುದು ಹೊಸದು ಅಂತ ಎರಡು ಸಲ ಓದಿಕೊಳ್ಳಿ. ಉಲ್ಟಾ ಕೊಟ್ರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬರೆದುಬಿಡುತ್ತೆ.

ಈ ಹಂತದಲ್ಲಿ ವಿಂಡೋಸ್ ಎರಡು ಆಸೆ ತೋರಿಸಬಹುದು. ಒಂದು, "ಈ ಡಿಸ್ಕನ್ನ ಬಳಸೋಕೆ ಫಾರ್ಮ್ಯಾಟ್ ಮಾಡಬೇಕು, ಮಾಡಲಾ?" ಅಂತ. ಬೇಡ ಅನ್ನಿ. ಫೈಲುಗಳ ಪಟ್ಟಿ ಕೆಟ್ಟಿದ್ರೂ ಆ ಪ್ರಶ್ನೆ ಬರುತ್ತೆ, ಫೈಲುಗಳು ಹಾಗೇ ಇರಬಹುದು. ಎರಡು, ಚೆಕ್‌ಡಿಸ್ಕ್. ಅದು ಒಳ್ಳೇ ಸಾಧನವೇ, ಆದ್ರೆ ಅದು ಡಿಸ್ಕಿನ ಮೇಲೆ ಬರೆದು ರಿಪೇರಿ ಮಾಡುತ್ತೆ. ನಕಲು ಕೈಗೆ ಬಂದ ಮೇಲೆ ಮಾತ್ರ ಅದರ ಸಹವಾಸ.

ಡಿಸ್ಕಿನ ಆರೋಗ್ಯ ನೋಡೋದು

ಪ್ರತಿ ಡಿಸ್ಕೂ ತನ್ನ ಆರೋಗ್ಯದ ಡೈರಿ ಬರೆದಿಡುತ್ತೆ, ಸ್ಮಾರ್ಟ್ ಅಂತ ಅದರ ಹೆಸರು. ವಿಂಡೋಸಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸಲ್ಲಿ ಸ್ಮಾರ್ಟ್‌ಸಿಟಿಎಲ್ ಇದನ್ನ ತೋರಿಸುತ್ತವೆ. ಸಾಲುಗಳು ತುಂಬಾ ಇರುತ್ತವೆ, ಮೂರು ನೋಡಿದ್ರೆ ಸಾಕು. 5ನೇದು, ಕೆಟ್ಟ ಜಾಗ ಬಿಟ್ಟು ಬೇರೆಡೆಗೆ ಸ್ಥಳಾಂತರ ಮಾಡಿದ ಸೆಕ್ಟರುಗಳ ಲೆಕ್ಕ. 197, ಓದೋಕಾಗದೆ ಬಾಕಿ ಉಳಿದಿರೋ ಸೆಕ್ಟರುಗಳು. ಇವೆರಡೂ ಸೊನ್ನೆ ಇರಬೇಕು. ದಿನದಿಂದ ದಿನಕ್ಕೆ ಏರ್ತಿದ್ರೆ ಡಿಸ್ಕ್ ಹೊರಡೋ ಹಾದಿಯಲ್ಲಿದೆ. 199 ಬೇರೆಯೇ ಕಥೆ. ಅದು ಏರ್ತಿದ್ರೆ ಸಾಮಾನ್ಯವಾಗಿ ತಪ್ಪು ಡೇಟಾ ಕೇಬಲ್ಲಿನದು. ಕೇಬಲ್ ಬದಲಾಯಿಸಿ ನೋಡಿ.

ಮಾವನ ಡಿಸ್ಕಲ್ಲಿ 5ನೇ ಸಾಲು ಸೊನ್ನೆ, 197ರಲ್ಲಿ 8. ಗಾಯ ಆಗಿದೆ, ಜೀವ ಇದೆ. ನಕಲು ಮುಗಿದ ಮೇಲೆ ಆ ಡಿಸ್ಕಿಗೆ ನಿವೃತ್ತಿ ಕೊಡೋದು ಅಂತ ಆಗಲೇ ತೀರ್ಮಾನ ಮಾಡಿದೆ.

ಎರಡನೇ ತಪ್ಪು

ಕಥೆ ಇಲ್ಲಿಗೆ ಮುಗೀಲಿಲ್ಲ. ನಕಲು ಕೈಗೆ ಬಂತು, ವಿಂಡೋಸ್ 7 ಆನ್ ಮಾಡಿದೆ. ಲೋಗೋ ಬಂತು, ನೀಲಿ ಪರದೆ ಬಂತು, ರೀಸ್ಟಾರ್ಟ್. ಕೋಡಿನ ಕೊನೆಯಲ್ಲಿ 7ಬಿ. ವಿಂಡೋಸಿನ ಭಾಷೆಯಲ್ಲಿ ಇದರ ಅರ್ಥ, "ನಾನು ಕೂತಿರೋ ಡಿಸ್ಕೇ ನನಗೆ ಸಿಗ್ತಿಲ್ಲ". ಮಾವ, "ನೋಡ್ದಾ, ಅವರು ಹೇಳಿದ್ದೇ ಸರಿ" ಅಂದ್ರು.

ಬಯೋಸಿಗೆ ಹೋಗಿ ತಾರೀಖು ನೋಡಿದೆ. 2010ರ ಜನವರಿ 1. ಅಲ್ಲಿಗೆ ಗೊತ್ತಾಯ್ತು.

ಮದರ್‌ಬೋರ್ಡ್ ಮೇಲೆ ನಾಣ್ಯದ ಥರ ಒಂದು ಸೆಲ್ ಇರುತ್ತೆ, ಸಿಆರ್ 2032, 3 ವೋಲ್ಟಿನದು. ಕರೆಂಟ್ ಇಲ್ಲದಾಗ ತಾರೀಖು, ಸೆಟ್ಟಿಂಗ್ ನೆನಪಿಟ್ಟುಕೊಳ್ಳೋಕೆ ಅದು ಬೇಕು. ಹಳೇ ಕಂಪ್ಯೂಟರಲ್ಲಿ ಅದು ಎಂದೋ ಖಾಲಿಯಾಗಿರುತ್ತೆ. ಪ್ಲಗ್ಗಲ್ಲಿ ಕರೆಂಟ್ ಇರೋವರೆಗೆ ಯಾರಿಗೂ ಗೊತ್ತಾಗಲ್ಲ. ಕರೆಂಟ್ ಪೂರ್ತಿ ಹೋದ ದಿನ ಬಯೋಸ್ ಎಲ್ಲ ಮರೆತು ಕಾರ್ಖಾನೆಯ ಸೆಟ್ಟಿಂಗಿಗೆ ವಾಪಸ್ ಹೋಗುತ್ತೆ. ಮಾವನ ವಿಂಡೋಸನ್ನ ಎಎಚ್‌ಸಿಐ ಅನ್ನೋ ರೀತಿಯಲ್ಲಿ ಡಿಸ್ಕ್ ಓದೋ ಹಾಗೆ ಹಾಕಿದ್ರು. ಮರೆವು ಬಂದ ಬಯೋಸ್ ಐಡಿಇಗೆ ತಿರುಗಿತ್ತು. ಅದನ್ನ ಮತ್ತೆ ಎಎಚ್‌ಸಿಐಗೆ ಹಾಕಿ, ಅಂಗಡಿಯಿಂದ ಹೊಸ ಸೆಲ್ ತಂದು ಕೂರಿಸಿದೆ. ವಿಂಡೋಸ್ ಎದ್ದಿತು.

ಹಳೇ ಕಂಪ್ಯೂಟರುಗಳಲ್ಲಿ ಜನ ಎಡವೋದು ಇಲ್ಲೇ. ಒಂದು ಕರೆಂಟ್ ಹೊಡೆತ ಒಂದೇ ತಪ್ಪನ್ನ ಹುಟ್ಟಿಸಲ್ಲ. ವಯಸ್ಸಾದ ಮೂರ್ನಾಲ್ಕು ಭಾಗ ಒಟ್ಟಿಗೆ ಕೈ ಕೊಡುತ್ತವೆ. ಒಂದನ್ನ ಸರಿ ಮಾಡಿದ್ರೂ ಪರದೆ ಮೇಲೆ ಡಿಸ್ಕಿನ ದೂರೇ ಮತ್ತೆ ಕಾಣುತ್ತೆ. ಆಗ, "ಅಯ್ಯೋ, ಡಿಸ್ಕೇ ಹೋಗಿದೆ" ಅಂತ ಕೈ ಬಿಡ್ತೀವಿ. ಕ್ರಮ ಬಿಡಬೇಡಿ, ಸರಪಳಿಯ ಮುಂದಿನ ಕೊಂಡಿಗೆ ಹೋಗಿ.

ಟ್ಯಾಲಿ ತೆರೆದಾಗ ಮೂರನೇ ತಪ್ಪು. ಕರೆಂಟ್ ಹೋದಾಗ ಕಂಪನಿ ತೆರೆದೇ ಇತ್ತಲ್ಲ, ಆ ವರ್ಷದ ಡೇಟಾ ತೆರೆಯುವಾಗ ಎರರ್. ಬರೆಯೋಕೆ ಕೊಟ್ಟ ಡೇಟಾ ಸ್ವಲ್ಪ ಹೊತ್ತು ಡಿಸ್ಕಿನ ಕ್ಯಾಶ್ ಮೆಮೊರಿಯಲ್ಲೇ ಇರಬಹುದು, ಅಷ್ಟರಲ್ಲಿ ಕರೆಂಟ್ ಹೋದ್ರೆ ಅದು ಹೋದ ಹಾಗೇ. ಟ್ಯಾಲಿಯಲ್ಲಿ ಡೇಟಾ ಸರಿಪಡಿಸೋ ರೀರೈಟ್ ಅನ್ನೋ ಸೌಲಭ್ಯ ಇದೆ. ನಕಲಿನದ್ದೇ ಇನ್ನೊಂದು ನಕಲು ಮಾಡಿ, ಅದರ ಮೇಲೆ ರೀರೈಟ್ ಓಡಿಸಿದೆ. ಬಂತು. ಕೊನೆಯ ಎರಡು ಬಿಲ್ ಮಾತ್ರ ಇರಲಿಲ್ಲ. ಬಿಲ್ ಪುಸ್ತಕದ ಕಾರ್ಬನ್ ಪ್ರತಿ ನೋಡಿ ಮಾವನೇ ಟೈಪ್ ಮಾಡಿದ್ರು. ರೈತರ ಬಾಕಿ ಅಷ್ಟೂ ಇತ್ತು.

ಯಾವಾಗ ಕೈ ಎತ್ತಬೇಕು

ಎಲ್ಲರ ಕಥೆಯೂ ಹೀಗೆ ಮುಗಿಯಲ್ಲ. ಒಳ್ಳೇ ಎಸ್‌ಎಂಪಿಎಸ್ ಮೇಲೂ ಟಕ್ ಟಕ್ ಬಂದ್ರೆ, ಸುಟ್ಟ ವಾಸನೆ ಬಂದ್ರೆ, ಬೇರೆ ಕಂಪ್ಯೂಟರಲ್ಲೂ ಮೌನವಾಗಿದ್ರೆ, ಅಲ್ಲಿಗೆ ನಿಲ್ಲಿಸಿ. ಡೇಟಾ ರಿಕವರಿ ಮಾಡೋರ ಹತ್ತಿರ ಹೋಗಿ. ಡಿಸ್ಕ್ ಬಿಚ್ಚೋ ಕೆಲಸ ಧೂಳಿಲ್ಲದ ಜಾಗದಲ್ಲಿ ಆಗಬೇಕು, ಖರ್ಚು ಹೊಸ ಡಿಸ್ಕಿಗಿಂತ ತುಂಬಾ ಜಾಸ್ತಿ. ಹಾಗಾಗಿ ಅದರಲ್ಲಿರೋದು ಎಷ್ಟು ಮುಖ್ಯ ಅಂತ ಮನೆಯವರ ಜೊತೆ ಕೂತು ಮಾತಾಡಿ. ಮುಂಚೆ ನೀವು ಕಡಿಮೆ ಮುಟ್ಟಿದಷ್ಟೂ ಅವರಿಗೆ ಸಿಗೋದು ಜಾಸ್ತಿ.

ಎಲ್ಲ ಸರಿಹೋದ್ರೆ ಅದೇ ಹಳೇ ಎಸ್‌ಎಂಪಿಎಸ್ ವಾಪಸ್ ಹಾಕಬೇಡಿ. ಹೊಸದು ತನ್ನಿ. ಕೇಬಲ್ ಬಿಚ್ಚಿ ಹಾಕೋ ಮಾಡ್ಯುಲರ್ ಥರದ್ದಾದ್ರೆ ಅದರ ಜೊತೆ ಬಂದ ಕೇಬಲ್ ಮಾತ್ರ ಬಳಸಿ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಕೂತರೂ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು, 5 ವೋಲ್ಟಿನ ಜಾಗಕ್ಕೆ 12 ಹೋದ್ರೆ ಡಿಸ್ಕ್ ಆ ಕ್ಷಣವೇ ಹೋಗುತ್ತೆ. ಒಂದು ಯುಪಿಎಸ್ ಹಾಕಿ. ಗಂಟೆಗಟ್ಟಲೆ ಓಡಬೇಕಿಲ್ಲ, ಫೈಲ್ ಸೇವ್ ಮಾಡಿ ಶಟ್‌ಡೌನ್ ಮಾಡೋಷ್ಟು ಹೊತ್ತು ಸಾಕು. ಗುಡುಗು ಶುರುವಾದ್ರೆ ಪ್ಲಗ್ಗನ್ನೇ ಕಿತ್ತಿಡಿ.

ಮಾವನ ಅಂಗಡಿಯಲ್ಲಿ ಈಗ ಪ್ರತಿ ಸಂಜೆ ಬಾಗಿಲು ಹಾಕೋಕೆ ಮುಂಚೆ ಟ್ಯಾಲಿ ಬ್ಯಾಕಪ್ ಒಂದು ಪೆನ್‌ಡ್ರೈವಿಗೆ ಹೋಗುತ್ತೆ. ಪೆನ್‌ಡ್ರೈವ್ ಅಂಗಡಿ ಬೀಗದ ಕೀ ಗೊಂಚಲಲ್ಲೇ ಇದೆ, ಮಾವನ ಜೊತೆ ಮನೆಗೆ ಹೋಗುತ್ತೆ. ಭಾನುವಾರ ಅತ್ತೆ ಇನ್ನೊಂದು ಪ್ರತಿಯನ್ನ ಆನ್‌ಲೈನಿಗೆ ಹಾಕ್ತಾರೆ. 20ನೇ ತಾರೀಖಿನ ರಿಟರ್ನ್ 19ಕ್ಕೇ ಹೋಯ್ತು.

ನಿಮಗೆ ಈ ವಾರದ ಕೆಲಸ ಒಂದೇ. ಸಂಚಿಕೆ ಮುಗಿದ ಮೇಲೆ ಮನೆಗೆ ಫೋನ್ ಮಾಡಿ, "ಅಂಗಡಿ ಲೆಕ್ಕದ ಇನ್ನೊಂದು ಕಾಪಿ ಎಲ್ಲಿದೆ?" ಅಂತ ಕೇಳಿ. ಆ ಕಡೆ ಮೌನ ಬಂದ್ರೆ ಈ ಶನಿವಾರವೇ ಬಸ್ ಹತ್ತಿ. ಮಳೆಗಾಲ ಬರೋವರೆಗೆ ಕಾಯಬೇಡಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.